ಮಾತ್ರೆ ಕೆಲಸ ಮಾಡಿತು, ಆಮೇಲೆ?

(ಮೈಸೂರಿನಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕರು ಮತ್ತು ಪೋಷಕರ ಎದುರು ಆಡಿದ ಮಾತಿನ ಬರಹ ರೂಪ. ಮಾತಿನ ಓಟವನ್ನು ಹೆಚ್ಚು ತಿದ್ದಿಲ್ಲ.)

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿನವರಿಗೆ ಮೈಕು ಕೇಳಿಸುತ್ತಿದೆಯೇ? ಸರಿ.

ನಾನು ಮಕ್ಕಳ ವೈದ್ಯೆ. ಓದಿದ್ದು ಇಲ್ಲಿ, ಕೆಲಸ ಮಾಡಿದ್ದು ಬಹುಪಾಲು ಅಮೆರಿಕದಲ್ಲಿ. ಗಮನ ನಿಲ್ಲದ, ಕೂತಲ್ಲಿ ಕೂರಲಾಗದ ತೊಂದರೆ, ಅಂದರೆ ಎಡಿಎಚ್‌ಡಿ, ಇರುವ ಮಕ್ಕಳಿಗೆ ಕೊಡುವ ಉತ್ತೇಜಕ ಔಷಧಿಗಳ ಬಗ್ಗೆ ಮಾತಾಡಿ ಎಂದು ನನ್ನನ್ನು ಕರೆದಿದ್ದೀರಿ. ಈ ಔಷಧಿಯ ಚೀಟಿಗಳನ್ನು ನಾನೇ ಸಾವಿರಗಟ್ಟಲೆ ಬರೆದಿದ್ದೇನೆ. ಹಾಗಾಗಿ ಇದು ಹೊರಗೆ ನಿಂತು ಕಲ್ಲು ಹೊಡೆಯುವವಳ ಮಾತು ಎಂದುಕೊಳ್ಳಬೇಡಿ.

ನೀವು ಕೇಳಲಿರುವ ಪ್ರಶ್ನೆ ನನಗೆ ಗೊತ್ತು. ‘ಡಾಕ್ಟ್ರೇ, ಇದು ಚಟ ಹಿಡಿಯಲ್ವಾ? ಮಿದುಳಿಗೆ ತೊಂದರೆ ಆಗಲ್ವಾ?’ ಅದಕ್ಕೆ ಬರುತ್ತೇನೆ. ಆದರೆ ಇಷ್ಟು ವರ್ಷಗಳಲ್ಲಿ ನನ್ನ ನಿದ್ದೆ ಕೆಡಿಸಿದ ಸಂಗತಿ ಬೇರೆ. ಈ ಮಾತ್ರೆ ಕೆಲಸ ಮಾಡುತ್ತದೆ. ಅದೂ ಎಷ್ಟು ಬೇಗ ಅಂದರೆ, ಬೆಳಿಗ್ಗೆ ಎಂಟಕ್ಕೆ ನುಂಗಿಸಿದರೆ ಒಂಬತ್ತಕ್ಕೆ ಮಿಸ್ಸು ‘ಇವತ್ತು ನಿಮ್ಮ ಹುಡುಗ ಬಂಗಾರ’ ಅನ್ನುತ್ತಾರೆ. ಅಲ್ಲಿಗೆ ಎಲ್ಲರೂ ಪ್ರಶ್ನೆ ಕೇಳುವುದನ್ನು ನಿಲ್ಲಿಸುತ್ತಾರೆ. ನಾನೂ ನಿಲ್ಲಿಸಿದ್ದೆ.

ನಾನು ಅಮೆರಿಕದಲ್ಲಿ ವೃತ್ತಿ ಶುರು ಮಾಡಿದ ಹೊಸದು. ಎಂಟು ವರ್ಷದ ಹುಡುಗನನ್ನು ತಾಯಿ ಕರೆದುಕೊಂಡು ಬಂದರು. ಕೈಯಲ್ಲಿ ಶಾಲೆಯವರು ತುಂಬಿಕೊಟ್ಟ ಫಾರಂ. ಜಾಗ ಬಿಟ್ಟು ಏಳುತ್ತಾನೆಯೇ, ವಸ್ತು ಕಳೆಯುತ್ತಾನೆಯೇ, ಸರದಿ ಕಾಯಲಾಗದೆ ಚಡಪಡಿಸುತ್ತಾನೆಯೇ ಎಂಬ ಪ್ರಶ್ನೆಗಳು. ಎಲ್ಲದಕ್ಕೂ ‘ಬಹಳ ಸಲ’ ಎಂಬ ಕಡೆಗೇ ಗುರುತು. ನನಗಿದ್ದದ್ದು ಹದಿನೈದು ನಿಮಿಷ. ಹುಡುಗ ಅಷ್ಟರಲ್ಲಿ ನನ್ನ ಕುರ್ಚಿಯನ್ನು ಮೂರು ಸುತ್ತು ತಿರುಗಿಸಿದ್ದ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದ್ದಾನೆ ಅಂತೀವಲ್ಲ, ಹಾಗೆ. ಚೀಟಿ ಬರೆದೆ. ಎರಡು ವಾರದ ನಂತರ ಬಂದ ತಾಯಿಯ ಕಣ್ಣಲ್ಲಿ ನೀರಿತ್ತು, ಸಂತೋಷದ ನೀರು.

ಒಂದು ವರ್ಷವಾದ ಮೇಲೆ ಆ ಮನೆಗೆ ಅಜ್ಜಿ ಬಂದು ಹುಡುಗನ ಕೋಣೆಯಲ್ಲಿ ಮಲಗಿದರು. ‘ಇದೇನು, ಈ ಮಗು ಕುಡುಕನ ಥರ ಗೊರಕೆ ಹೊಡೆಯುತ್ತದೆ, ನಡುನಡುವೆ ಉಸಿರೇ ನಿಲ್ಲುತ್ತದೆ’ ಎಂದು ಗಾಬರಿಯಾದರು. ಗಂಟಲು ನೋಡಿದರೆ ಟಾನ್ಸಿಲ್ ಎರಡೂ ಒಂದಕ್ಕೊಂದು ತಾಗುವಷ್ಟು ಊದಿದ್ದವು. ಆ ಮಗು ವರ್ಷಗಳಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ನಿದ್ದೆಗೆಟ್ಟ ದೊಡ್ಡವರು ತೂಕಡಿಸುತ್ತಾರೆ, ನಿದ್ದೆಗೆಟ್ಟ ಮಕ್ಕಳು ಕುಣಿಯುತ್ತಾರೆ. ಶಸ್ತ್ರಚಿಕಿತ್ಸೆಯಾಗಿ ಕೆಲವು ತಿಂಗಳಾದ ಮೇಲೆ ಮಾತ್ರೆಯೇ ಬೇಕಾಗಲಿಲ್ಲ. ಮೊದಲ ದಿನ ಬಾಯಿ ತೆರೆಸಿ ನೋಡಿದ್ದೆನೇ ಅಂದರೆ, ನೋಡಿದ್ದೆ. ಆದರೆ ರಾತ್ರಿ ಹೇಗೆ ಮಲಗುತ್ತಾನೆ ಎಂದು ಕೇಳಿರಲಿಲ್ಲ. ಆ ತಾಯಿ ನನ್ನ ಮೇಲೆ ಸಿಟ್ಟಾಗಲಿಲ್ಲ. ಆಗಿದ್ದರೆ ನನಗೆ ಹಗುರವಾಗುತ್ತಿತ್ತು.

ನನ್ನನ್ನು ಅಲ್ಲಾಡಿಸಿದ್ದು ಇದು: ಮಾತ್ರೆ ಆ ಹುಡುಗನಿಗೂ ‘ಕೆಲಸ ಮಾಡಿತ್ತು’. ಹಾಗಾದರೆ ಅವನಿಗೆ ಎಡಿಎಚ್‌ಡಿ ಇತ್ತು ಅನ್ನುವುದಕ್ಕೆ ಅದು ಸಾಕ್ಷಿಯೇ?

ಈ ಪ್ರಶ್ನೆಗೆ ಉತ್ತರ 1978ರಲ್ಲೇ ಸಿಕ್ಕಿತ್ತು. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಜೂಡಿತ್ ರಾಪೊಪೋರ್ಟ್ ಎಂಬ ಮನೋವೈದ್ಯೆ ಯಾವ ತೊಂದರೆಯೂ ಇಲ್ಲದ 14 ಹುಡುಗರಿಗೆ ಒಂದೊಂದು ಸಲ ಆಂಫೆಟಮಿನ್ ಎಂಬ ಜಾತಿಯ ಉತ್ತೇಜಕ ಔಷಧಿ ಕೊಟ್ಟು ನೋಡಿದರು. ಅವರ ಓಡಾಟವೂ ಕಡಿಮೆಯಾಯಿತು, ಗಮನವೂ ಹೆಚ್ಚಿತು. ಅಲ್ಲಿಯವರೆಗೆ ವೈದ್ಯರಲ್ಲಿ ಒಂದು ನಂಬಿಕೆ ಇತ್ತು: ಉತ್ತೇಜಕ ಔಷಧಿ ಈ ಮಕ್ಕಳನ್ನು ಮಾತ್ರ ಶಾಂತಗೊಳಿಸುತ್ತದೆ, ಆದ್ದರಿಂದ ಕೊಟ್ಟು ನೋಡಿ, ಶಾಂತವಾದರೆ ರೋಗ ಖಚಿತ. ಆ ನಂಬಿಕೆ ಅಂದೇ ಬಿದ್ದುಹೋಗಬೇಕಿತ್ತು. ಕಾಫಿ ಕುಡಿದರೆ ಎಚ್ಚರವಾಗುತ್ತದೆ ಅಂದಮಾತ್ರಕ್ಕೆ ನನಗೆ ‘ಕಾಫಿ ಕೊರತೆಯ ಕಾಯಿಲೆ’ ಇದೆ ಎಂದಾಗುವುದಿಲ್ಲ. ಮೈಸೂರಿನಲ್ಲಿ ಈ ಉದಾಹರಣೆ ಕೊಡುವುದು ಸ್ವಲ್ಪ ಅಪಾಯ, ಗೊತ್ತು. (ಸಭೆಯಲ್ಲಿ ನಗು.) ಆದರೂ ಇವತ್ತಿಗೂ ‘ಮಾತ್ರೆ ಕೊಟ್ಟ ಮೇಲೆ ಸರಿಹೋದ, ಹಾಗಾಗಿ ಅದೇ ಕಾಯಿಲೆ’ ಎಂಬ ಮಾತನ್ನು ಶಾಲೆಗಳಲ್ಲಿ ಕೇಳುತ್ತೇನೆ. ಒಮ್ಮೊಮ್ಮೆ ವೈದ್ಯರ ಬಾಯಲ್ಲೂ.

ಈ ಔಷಧಿಯ ಕಥೆ ಶುರುವಾದದ್ದೇ ಒಂದು ತಲೆನೋವಿನಿಂದ. ಅಮೆರಿಕದ ರೋಡ್ ಐಲೆಂಡ್ ರಾಜ್ಯದಲ್ಲಿ ವರ್ತನೆಯ ತೊಂದರೆಯಿದ್ದ ಮಕ್ಕಳಿಗೆಂದೇ ಬ್ರಾಡ್ಲಿ ಹೋಂ ಎಂಬ ಆಸ್ಪತ್ರೆ ಇತ್ತು. ಆಗ ಮಿದುಳಿನ ಚಿತ್ರ ತೆಗೆಯಲು ಬೆನ್ನುಹುರಿಯ ದ್ರವ ಬಸಿದು ಅಲ್ಲಿಗೆ ಗಾಳಿ ತುಂಬುತ್ತಿದ್ದರು. ಮಕ್ಕಳಿಗೆ ತಡೆಯಲಾರದ ತಲೆನೋವು. ದ್ರವ ಬೇಗ ಊರಲಿ ಎಂಬ ಆಸೆಯಿಂದ ವೈದ್ಯ ಚಾರ್ಲ್ಸ್ ಬ್ರಾಡ್ಲಿ ಬೆಂಜೆಡ್ರಿನ್ ಎಂಬ ಆಂಫೆಟಮಿನ್ ಕೊಟ್ಟರು. ತಲೆನೋವು ಹೋಗಲಿಲ್ಲ, ಆದರೆ ಮಕ್ಕಳು ತರಗತಿಯಲ್ಲಿ ಕೂತು ಲೆಕ್ಕ ಮಾಡತೊಡಗಿದರು! 1937ರಲ್ಲಿ ಅವರು 30 ಮಕ್ಕಳ ಮೇಲಿನ ಅನುಭವ ಪ್ರಕಟಿಸಿದರು. ಸುಮಾರು ಅರ್ಧದಷ್ಟು ಮಕ್ಕಳ ಶಾಲೆಯ ಕೆಲಸ ಎದ್ದು ಕಾಣುವಂತೆ ಸುಧಾರಿಸಿತ್ತು. ಮಕ್ಕಳೇ ಅದಕ್ಕೆ ‘ಲೆಕ್ಕದ ಮಾತ್ರೆ’ ಎಂದು ಹೆಸರಿಟ್ಟಿದ್ದರಂತೆ. ಇಟ್ಟ ಹೆಸರು ಗಮನಿಸಿ. ಶಾಂತಿಯ ಮಾತ್ರೆ ಅನ್ನಲಿಲ್ಲ, ಸಂತೋಷದ ಮಾತ್ರೆ ಅನ್ನಲಿಲ್ಲ. ಮೊದಲ ದಿನದಿಂದಲೇ ಇದರ ಅಳತೆಗೋಲು ಶಾಲೆಯೇ.

ಇನ್ನೊಂದು ಔಷಧಿ ಮಿಥೈಲ್‌ಫೆನಿಡೇಟ್. 1944ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯಲ್ಲಿ ಲಿಯಾಂಡ್ರೊ ಪನಿಜೋನ್ ಎಂಬ ರಸಾಯನಶಾಸ್ತ್ರಜ್ಞ ತಯಾರಿಸಿದ್ದು. ಅವನ ಹೆಂಡತಿ ರೀಟಾ ಟೆನಿಸ್ ಆಡುವ ಮೊದಲು ಅದನ್ನು ತೆಗೆದುಕೊಂಡರೆ ಆಟ ಚುರುಕಾಗುತ್ತಿತ್ತಂತೆ. ನಮ್ಮಲ್ಲಿ ಮನೆಗೋ ಲಾರಿಗೋ ಹೆಂಡತಿಯ ಹೆಸರಿಡುತ್ತಾರೆ, ಆತ ಮಾತ್ರೆಗೆ ಇಟ್ಟ: ರಿಟಲಿನ್. ಭಾರತದಲ್ಲಿ ಬೇರೆ ಬ್ರಾಂಡ್ ಹೆಸರುಗಳಲ್ಲಿ ಸಿಗುವುದೂ ಇದೇ ಮಿಥೈಲ್‌ಫೆನಿಡೇಟ್. ಮಿದುಳಿನ ಕೋಶಗಳ ನಡುವೆ ಸಂದೇಶ ಒಯ್ಯುವ ಡೋಪಮಿನ್ ಮತ್ತು ನಾರ್‌ಎಪಿನೆಫ್ರಿನ್ ಎಂಬ ರಾಸಾಯನಿಕಗಳು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುವಂತೆ ಇದು ಮಾಡುತ್ತದೆ. ಸಾದಾ ಮಾತ್ರೆಯ ಪ್ರಭಾವ ನಾಲ್ಕು ಗಂಟೆಯ ಆಸುಪಾಸು, ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ ಹತ್ತು ಹನ್ನೆರಡು ಗಂಟೆ ನಡೆಯುತ್ತದೆ. ಇಳಿದ ಮೇಲೆ ಏನೂ ಉಳಿಯುವುದಿಲ್ಲ. ಬ್ಯಾಕ್ಟೀರಿಯಾ ಸೋಂಕಿಗೆ ಕೊಡುವ ಆಂಟಿಬಯೋಟಿಕ್ಕಿನಂತೆ ಇದು ರೋಗವನ್ನು ವಾಸಿ ಮಾಡುವ ಔಷಧಿಯಲ್ಲ. ಕನ್ನಡಕದ ಹಾಗೆ, ಹಾಕಿದಾಗ ಉಂಟು, ತೆಗೆದಾಗ ಇಲ್ಲ.

ಅಮೆರಿಕದಲ್ಲಿ ಗದ್ದಲ ಹೊಸದಲ್ಲ. 1970ರಲ್ಲಿ ಒಮಾಹಾ ನಗರದ ಶಾಲಾಮಕ್ಕಳಿಗೆ ಈ ಔಷಧಿ ಕೊಡುತ್ತಿರುವ ಸುದ್ದಿ ಪತ್ರಿಕೆಯಲ್ಲಿ ಬಂದು, ಅಲ್ಲಿನ ಸಂಸತ್ತಿನ ಸಮಿತಿ ವಿಚಾರಣೆ ನಡೆಸಿತು. ಮಾರನೇ ವರ್ಷ ಇವನ್ನು ಕಟ್ಟುನಿಟ್ಟಿನ ನಿಯಂತ್ರಣದ ಪಟ್ಟಿಗೆ ಸೇರಿಸಿದರು. ಬಳಕೆ ಮಾತ್ರ ಏರುತ್ತಲೇ ಹೋಯಿತು. 2022ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಅಲ್ಲಿನ 3ರಿಂದ 17 ವರ್ಷದ ಮಕ್ಕಳಲ್ಲಿ ಸುಮಾರು 70 ಲಕ್ಷ, ಅಂದರೆ ನೂರಕ್ಕೆ 11ಕ್ಕಿಂತ ಹೆಚ್ಚು ಮಕ್ಕಳಿಗೆ, ಎಂದಾದರೊಮ್ಮೆ ವೈದ್ಯರು ಎಡಿಎಚ್‌ಡಿ ಎಂದು ಹೇಳಿದ್ದರು. ಈಗಲೂ ಆ ತೊಂದರೆ ಇದೆ ಎನ್ನಲಾದವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಔಷಧಿಯ ಮೇಲಿದ್ದರು.

ಈ 11ರಲ್ಲಿ ಯಾರೆಲ್ಲ ಇದ್ದಾರೆ? ಇಲ್ಲಿ ನಾನು ಸ್ವಲ್ಪ ನಿಧಾನಿಸುತ್ತೇನೆ, ಯಾಕೆಂದರೆ ಶಿಕ್ಷಕರಿಗೆ ಇದು ಬೇಕು.

ಅಮೆರಿಕದ ಹಲವು ರಾಜ್ಯಗಳಲ್ಲಿ ಶಾಲೆಗೆ ಸೇರಲು ಸೆಪ್ಟೆಂಬರ್ 1 ಗಡಿ ದಿನ. ಆಗಸ್ಟ್‌ನಲ್ಲಿ ಹುಟ್ಟಿದ ಮಗು ಈ ವರ್ಷವೇ ಸೇರುತ್ತದೆ, ಸೆಪ್ಟೆಂಬರ್‌ನಲ್ಲಿ ಹುಟ್ಟಿದ್ದು ಮುಂದಿನ ವರ್ಷ. ಹಾಗಾಗಿ ಒಂದೇ ಬೆಂಚಿನಲ್ಲಿ ಹೆಚ್ಚುಕಡಿಮೆ ಒಂದು ವರ್ಷದ ಅಂತರದ ಇಬ್ಬರು. ಆರನೇ ವಯಸ್ಸಿನಲ್ಲಿ ಒಂದು ವರ್ಷ ಎಂದರೆ ಬದುಕಿದ ಆಯುಷ್ಯದ ಆರನೇ ಒಂದು ಪಾಲು! 2018ರಲ್ಲಿ ಹಾರ್ವರ್ಡ್‌ನ ಸಂಶೋಧಕರು ವಿಮೆಯ ದಾಖಲೆಗಳನ್ನು ತೆಗೆದು ಈ ಎರಡು ತಿಂಗಳಲ್ಲಿ ಹುಟ್ಟಿದ ಮಕ್ಕಳನ್ನು ಹೋಲಿಸಿದರು. ಆಗಸ್ಟ್ ಮಕ್ಕಳಲ್ಲಿ 10,000ಕ್ಕೆ 85 ಮಂದಿಗೆ ಎಡಿಎಚ್‌ಡಿ ಎಂದಿದ್ದರು, ಸೆಪ್ಟೆಂಬರ್ ಮಕ್ಕಳಲ್ಲಿ 64 ಮಂದಿಗೆ. ಆ ಗಡಿ ದಿನವಿಲ್ಲದ ರಾಜ್ಯಗಳಲ್ಲಿ ಈ ಅಂತರ ಕಾಣಲಿಲ್ಲ. ಮಿದುಳಿನ ಕಾಯಿಲೆಯೊಂದು ಶಾಲೆಯ ದಾಖಲಾತಿ ನಿಯಮ ನೋಡಿಕೊಂಡು ಬರುತ್ತದೆಯೇ? ತರಗತಿಯಲ್ಲೇ ಚಿಕ್ಕದಾದ ಮಗು ಚಿಕ್ಕ ಮಗುವಿನ ಹಾಗೆ ಆಡಿತು, ಅದಕ್ಕೆ ಹೆಸರೊಂದು ಬಿತ್ತು, ಹೆಸರಿನ ಹಿಂದೆ ಮಾತ್ರೆಯೂ ಬಂತು. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಗಡಿ ಡಿಸೆಂಬರ್ ಕೊನೆ. ಅಲ್ಲಿ ಹೆಚ್ಚು ಹೆಸರು ಹಚ್ಚಿಸಿಕೊಂಡವರು ಡಿಸೆಂಬರ್ ಮಕ್ಕಳು.

ನಮ್ಮ ಕಡೆಗೆ ಬನ್ನಿ. ಈ ಸಭೆಯಲ್ಲಿ ಜೂನ್ 1 ಹುಟ್ಟಿದ ದಿನವಿರುವವರು ಕೈ ಎತ್ತಿ ಎಂದರೆ ಅರವತ್ತು ದಾಟಿದವರಲ್ಲಿ ಎಷ್ಟು ಕೈ ಏಳುತ್ತವೋ! (ಎದ್ದವು, ನಗುವೂ ಎದ್ದಿತು.) ಮೇಷ್ಟ್ರು ಮಗುವನ್ನು ನೋಡಿ, ‘ಹಾಕ್ಕೊಳ್ಳಿ ಜೂನ್ ಒಂದು’ ಎಂದು ಬರೆದದ್ದು. ಅವರಿಗೆ ಬೇಕಾದದ್ದು ತಾರೀಖಲ್ಲ, ಮಗು ಕೂರುವಷ್ಟು ಬಲಿತಿದೆಯೇ ಎಂಬುದು. ಬಲಗೈಯನ್ನು ತಲೆಯ ಮೇಲಿಂದ ಬಳಸಿ ಎಡಕಿವಿ ಮುಟ್ಟಿಸಿ ನೋಡುತ್ತಿದ್ದರಲ್ಲ, ಅದೇ ಪರೀಕ್ಷೆ. ಈಗ ತಾರೀಖು ಕರಾರುವಾಕ್ಕು, ಆತುರ ಹೆಚ್ಚು. ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎಂದು ಸರ್ಕಾರ ಗೆರೆ ಎಳೆದಾಗ ಪೋಷಕರಿಂದ ಎಷ್ಟು ಒತ್ತಡ ಬಂತು ನೆನಪಿರಬಹುದು. ಕೊನೆಗೆ 2025-26ನೇ ಸಾಲಿಗೆ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿದರು. ಒಂದು ವರ್ಷ ಹಾಳಾಗುತ್ತದೆ ಎಂಬುದು ಪೋಷಕರ ಅಳಲು, ಅದು ಸುಳ್ಳೂ ಅಲ್ಲ. ನಾನು ಶಿಕ್ಷಕರಿಗೆ ಹೇಳುವುದಿಷ್ಟು: ‘ಈ ಹುಡುಗನ ಗಮನ ನಿಲ್ಲಲ್ಲ’ ಎಂದು ಮನೆಗೆ ಹೇಳಿಕಳಿಸುವ ಮುಂಚೆ ಹಾಜರಿ ಪುಸ್ತಕದಲ್ಲಿ ಅವನ ಹುಟ್ಟಿದ ತಿಂಗಳು ನೋಡಿ.

ಇನ್ನು, ಮಾತ್ರೆ ಕೊಟ್ಟರೆ ಮಗು ಕಲಿಯುತ್ತದೆಯೇ? ಇದನ್ನು ಕೇಳಲು ನಮಗೆ ಇಷ್ಟು ವರ್ಷ ಬೇಕಾಯಿತೇ ಎಂದು ನಾಚಿಕೆಯಾಗುತ್ತದೆ. ಕೂತಿದ್ದಾನೆ, ಬರೆಯುತ್ತಿದ್ದಾನೆ, ಹಾಗಾದರೆ ಕಲಿಯುತ್ತಿದ್ದಾನೆ ಎಂದುಕೊಂಡಿದ್ದೆವು. ಫ್ಲಾರಿಡಾದಲ್ಲಿ ವಿಲಿಯಂ ಪೆಲ್ಹಂ ಎಂಬ ಮನಃಶಾಸ್ತ್ರಜ್ಞರ ತಂಡ ಬೇಸಿಗೆ ಶಿಬಿರದಲ್ಲಿ ಎಡಿಎಚ್‌ಡಿಯಿದ್ದ 173 ಮಕ್ಕಳಿಗೆ ವಿಜ್ಞಾನ, ಸಮಾಜ, ಪದಸಂಪತ್ತು ಕಲಿಸಿತು. ಅದೇ ಮಕ್ಕಳಿಗೆ ಕೆಲವು ವಾರ ಔಷಧಿ, ಕೆಲವು ವಾರ ಔಷಧಿಯಂತೆಯೇ ಕಾಣುವ ಖಾಲಿ ಮಾತ್ರೆ. ಔಷಧಿಯಿದ್ದಾಗ ನಿಮಿಷಕ್ಕೆ 37 ಶೇಕಡ ಹೆಚ್ಚು ಲೆಕ್ಕ ಮಾಡಿದರು. ತರಗತಿಯ ನಿಯಮ ಮುರಿಯುವುದು ಅರ್ಧಕ್ಕಿಂತ ಕೆಳಗಿಳಿಯಿತು. ಪಾಠದ ವಿಷಯವನ್ನು ಎಷ್ಟು ಕಲಿತರು ಎಂದು ಪರೀಕ್ಷಿಸಿದರೆ? ಎರಡೂ ಒಂದೇ. 2022ರಲ್ಲಿ ಇದು ಪ್ರಕಟವಾಯಿತು. ನಾನು ಓದಿ ಪುಸ್ತಕ ಮುಚ್ಚಿ ಸುಮ್ಮನೆ ಕೂತೆ. ‘ಲೆಕ್ಕದ ಮಾತ್ರೆ’ ಎಂದ ಆ ಮಕ್ಕಳು ಸರಿಯಾಗಿಯೇ ಹೇಳಿದ್ದರು. ಬರುವ ಲೆಕ್ಕವನ್ನು ಅದು ಬೇಗ ಮಾಡಿಸುತ್ತದೆ. ಬಾರದ ಲೆಕ್ಕವನ್ನು ಕಲಿಸುವುದು ಮೇಷ್ಟ್ರ ಕೆಲಸವಾಗಿಯೇ ಉಳಿಯುತ್ತದೆ.

ದೊಡ್ಡ ಮಟ್ಟದಲ್ಲೂ ಹೀಗೊಂದು ಅನುಭವವಿದೆ. ಕೆನಡಾದ ಕ್ವಿಬೆಕ್ ಪ್ರಾಂತ್ಯ 1997ರಲ್ಲಿ ಔಷಧಿಗಳ ವಿಮೆಯನ್ನು ಎಲ್ಲರಿಗೂ ವಿಸ್ತರಿಸಿತು. ರಿಟಲಿನ್ ಬಳಕೆ ಏರಿತು. ಮಕ್ಕಳ ಓದು ಅದಕ್ಕೆ ತಕ್ಕಂತೆ ಏರಲಿಲ್ಲ ಎಂದು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ ತೋರಿಸಿದರು.

ಅತಿ ಹೆಚ್ಚು ಉಲ್ಲೇಖವಾಗುವ ಅಧ್ಯಯನ ಎಡಿಎಚ್‌ಡಿಯ ಚಿಕಿತ್ಸೆಗಳನ್ನು ಹೋಲಿಸಿ ನೋಡಿದ ಎಂಟಿಎ ಎಂಬುದು. ಏಳರಿಂದ ಒಂಬತ್ತು ವರ್ಷದ 579 ಮಕ್ಕಳು, 14 ತಿಂಗಳು. 1999ರಲ್ಲಿ ಫಲಿತಾಂಶ ಬಂದಾಗ ಜಾಗ್ರತೆಯಿಂದ ಔಷಧಿ ಕೊಟ್ಟ ಗುಂಪಿನ ಲಕ್ಷಣಗಳು ವರ್ತನೆಯ ತರಬೇತಿ ಮಾತ್ರ ಕೊಟ್ಟ ಗುಂಪಿಗಿಂತ ಚೆನ್ನಾಗಿ ಇಳಿದಿದ್ದವು. ನಮ್ಮಂಥ ವೈದ್ಯರು ಅದನ್ನೇ ಹಿಡಿದುಕೊಂಡೆವು. ಅದೇ ಮಕ್ಕಳನ್ನು ಮೂರನೇ ವರ್ಷದಲ್ಲಿ ನೋಡಿದಾಗ ಗುಂಪುಗಳ ನಡುವೆ ಅಂತರವೇ ಉಳಿದಿರಲಿಲ್ಲ. 14 ತಿಂಗಳ ನಂತರ ಯಾರು ಯಾವ ಚಿಕಿತ್ಸೆ ಬೇಕಾದರೂ ಪಡೆಯಬಹುದಿತ್ತು, ಎಷ್ಟೋ ಮಂದಿ ಔಷಧಿ ಬಿಟ್ಟಿದ್ದರು, ಹಾಗಾಗಿ ಔಷಧಿ ಸೋತಿತು ಎಂದು ಹೇಳಲಾಗದು. ಆದರೆ ಮೊದಲ ಸುದ್ದಿಗೆ ಸಿಕ್ಕ ಪ್ರಚಾರ ಎರಡನೆಯದಕ್ಕೆ ಸಿಗಲಿಲ್ಲ.

ಮೈಮೇಲಿನ ಪರಿಣಾಮಗಳಿಗೆ ಬರುತ್ತೇನೆ. ಮೊದಲನೆಯದು ಹಸಿವು ಸಾಯುವುದು. ಮಧ್ಯಾಹ್ನದ ಡಬ್ಬಿ ಹಾಗೇ ಮನೆಗೆ ವಾಪಸ್. ಸಂಜೆ ಔಷಧಿ ಇಳಿದಾಗ ಹೊಟ್ಟೆಗೆ ಬೆಂಕಿ ಬಿದ್ದವರಂತೆ ತಿನ್ನುತ್ತವೆ, ಜೊತೆಗೆ ಕಾರಣವಿಲ್ಲದೆ ಅಳು, ಸಿಟ್ಟು. ರಾತ್ರಿ ನಿದ್ದೆ ತಡ. ಎತ್ತರದ ವಿಷಯವನ್ನು ಎಂಟಿಎ ಮಕ್ಕಳಲ್ಲೇ ನೋಡಿದ್ದಾರೆ: ಮೂರು ವರ್ಷದಲ್ಲಿ ಸುಮಾರು 2 ಸೆಂಟಿಮೀಟರ್ ಹಿಂದೆ ಬಿದ್ದರು, ಬಿಡದೆ ತೆಗೆದುಕೊಂಡವರು ದೊಡ್ಡವರಾದ ಮೇಲೂ ತುಸು ಗಿಡ್ಡವೇ ಉಳಿದರು. ಎರಡು ಸೆಂಟಿಮೀಟರಿನಿಂದ ಯಾರ ಮದುವೆಯೂ ನಿಲ್ಲುವುದಿಲ್ಲ. ಆದರೆ ಮೊದಲೇ ಸಣಕಲು ಮಗುವಾದರೆ, ಊಟ ಸಾಲದ ಮನೆಯಾದರೆ, ಆ ಲೆಕ್ಕ ಬೇರೆ. ನಮ್ಮ ಶಾಲೆಗಳಲ್ಲಿ ಇದನ್ನು ಮರೆಯುವಂತಿಲ್ಲ.

ಹೃದಯದ ಭಯ 2005-06ರ ಸುಮಾರಿಗೆ ಜೋರಾಗಿತ್ತು. ಕೆನಡಾ ಒಂದು ಆಂಫೆಟಮಿನ್ ಔಷಧಿಯ ಮಾರಾಟವನ್ನೇ ಕೆಲವು ತಿಂಗಳು ನಿಲ್ಲಿಸಿತ್ತು. ಆಮೇಲೆ 12 ಲಕ್ಷ ಮಕ್ಕಳ ಮತ್ತು ಯುವಜನರ ದಾಖಲೆ ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೃದಯ, ರಕ್ತನಾಳದ ಗಂಭೀರ ತೊಂದರೆಗಳು ಹೆಚ್ಚಿದ ಸಾಕ್ಷಿ ಸಿಗಲಿಲ್ಲ. ನಾಡಿಬಡಿತ, ರಕ್ತದೊತ್ತಡ ಸ್ವಲ್ಪ ಏರುತ್ತವೆ. ಮಗುವಿಗೆ ಹುಟ್ಟಿನಿಂದ ಹೃದಯದ ತೊಂದರೆ ಇದ್ದರೆ, ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೇ ಹಠಾತ್ತನೆ ತೀರಿಕೊಂಡಿದ್ದರೆ, ವೈದ್ಯರು ಕೇಳದಿದ್ದರೂ ನೀವೇ ಹೇಳಿ. ಹದಿಹರೆಯದಲ್ಲಿ ಅಪರೂಪಕ್ಕೆ ಭ್ರಮೆ, ಅನುಮಾನಗಳಂಥ ಮಾನಸಿಕ ಲಕ್ಷಣಗಳು ಬರುತ್ತವೆ. ಆಂಫೆಟಮಿನ್‌ನಲ್ಲಿ ಸುಮಾರು 500ಕ್ಕೊಬ್ಬರಿಗೆ, ಮಿಥೈಲ್‌ಫೆನಿಡೇಟ್‌ನಲ್ಲಿ 1,000ಕ್ಕೊಬ್ಬರಿಗೆ.

ಚಟ? ವೈದ್ಯರು ಬರೆದ ಪ್ರಮಾಣದಲ್ಲಿ ಬಾಯಿಂದ ನುಂಗಿದ ಮಾತ್ರೆ ಮಿದುಳಿಗೆ ನಿಧಾನವಾಗಿ ಏರುವುದರಿಂದ ಸಾಮಾನ್ಯವಾಗಿ ಅಮಲು ಕೊಡುವುದಿಲ್ಲ. ಎಂಟಿಎ ಮಕ್ಕಳನ್ನು ದೊಡ್ಡವರಾಗುವವರೆಗೆ ಹಿಂಬಾಲಿಸಿದಾಗ ಈ ಔಷಧಿಯಿಂದ ಮಾದಕ ವ್ಯಸನ ಹೆಚ್ಚಲೂ ಇಲ್ಲ, ಕಡಿಮೆಯಾಗಲೂ ಇಲ್ಲ. ನಿಜವಾದ ತಲೆನೋವು ಅಲ್ಲಿನ ಕಾಲೇಜುಗಳದ್ದು. ಪರೀಕ್ಷೆಯ ರಾತ್ರಿ ಕಾಯಿಲೆಯಿಲ್ಲದವರು ಸ್ನೇಹಿತರ ಮಾತ್ರೆ ಕೊಂಡು ನುಂಗುತ್ತಾರೆ. ಮನೆಯಲ್ಲಿ ಹದಿಹರೆಯದವರಿದ್ದರೆ ಡಬ್ಬಿಯನ್ನು ಎಣಿಸಿ ಬೀಗ ಹಾಕಿಡಿ ಎಂದು ನಾನು ಹೇಳುತ್ತಿದ್ದೆ.

ಇಷ್ಟು ಕೇಳಿದ ಮೇಲೆ ‘ಹಾಗಾದರೆ ಬೇಡವೇ ಬೇಡ’ ಎಂದು ನೀವು ಮನೆಗೆ ಹೋದರೆ ನಾನು ಮಾತಾಡಿದ್ದು ದಂಡ. ಔಷಧಿ ಸಿಕ್ಕ ಮೇಲೆ ಮೊದಲ ಸಲ ಸ್ನೇಹಿತನೊಬ್ಬನನ್ನು ಉಳಿಸಿಕೊಂಡ ಮಕ್ಕಳನ್ನು ನೋಡಿದ್ದೇನೆ. ಹಿಂದೆಮುಂದೆ ನೋಡದೆ ರಸ್ತೆಗೆ ನುಗ್ಗುತ್ತಿದ್ದವನು ಅಮ್ಮನ ಕೈ ಹಿಡಿದು ನಿಂತದ್ದನ್ನು ನೋಡಿದ್ದೇನೆ. ಕೊನೆಯ ಬೆಂಚಿನಲ್ಲಿ ಕಿಟಕಿಯಾಚೆ ನೋಡುತ್ತ ಯಾರಿಗೂ ತೊಂದರೆ ಕೊಡದ ಹೆಣ್ಣುಮಗು ‘ದಡ್ಡಿ’ ಎನಿಸಿಕೊಂಡೇ ಹತ್ತನೇ ತರಗತಿ ಮುಟ್ಟುತ್ತದೆ. ಅದಕ್ಕೂ ಈ ತೊಂದರೆ ಇರಬಹುದೆಂದು ಯಾರಿಗೂ ಹೊಳೆಯುವುದಿಲ್ಲ. ನಮ್ಮ ಊರುಗಳಲ್ಲಿ ಔಷಧಿ ಹೆಚ್ಚಾದುದಕ್ಕಿಂತ ಇಂಥ ಮಕ್ಕಳು ಕಣ್ತಪ್ಪುವುದೇ ಹೆಚ್ಚು. ಮಿಥೈಲ್‌ಫೆನಿಡೇಟ್ ನಮ್ಮಲ್ಲಿ ಮಾದಕ ವಸ್ತುಗಳ ಕಾಯ್ದೆಯಡಿ ಬರುವುದರಿಂದ ಎಷ್ಟೋ ಮೆಡಿಕಲ್ ಶಾಪಿನವರು ಇಟ್ಟುಕೊಳ್ಳುವುದೇ ಇಲ್ಲ. ಚೀಟಿ ಹಿಡಿದು ಅಂಗಡಿಯಿಂದ ಅಂಗಡಿಗೆ ಅಲೆದ ಅಪ್ಪಂದಿರು ಈ ಸಭೆಯಲ್ಲೂ ಇರಬಹುದು.

ಆರು ವರ್ಷದೊಳಗಿನವರ ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ಹೇಳುತ್ತೇನೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೇ ಮೊದಲು ತಂದೆತಾಯಿಗೆ ತರಬೇತಿ ಎನ್ನುತ್ತದೆ, ಔಷಧಿ ಆಮೇಲೆ. ಮೂರರಿಂದ ಐದೂವರೆ ವರ್ಷದ ಮಕ್ಕಳಲ್ಲಿ ನಡೆಸಿದ ಪ್ರಯೋಗದಲ್ಲಿ ನೂರಕ್ಕೆ 11 ಮಕ್ಕಳು ಅಡ್ಡಪರಿಣಾಮ ತಾಳಲಾರದೆ ಬಿಟ್ಟರು. ಎಲ್‌ಕೆಜಿ ಮಗುವಿಗೆ ಯಾರಾದರೂ ಮೊದಲ ಭೇಟಿಯಲ್ಲೇ ಚೀಟಿ ಬರೆದರೆ ಇನ್ನೊಬ್ಬರ ಅಭಿಪ್ರಾಯ ಕೇಳಿ.

ಉಳಿದ ಮಕ್ಕಳಿಗೆ, ಚೀಟಿ ಬರೆಸುವ ಮುಂಚೆ ರಾತ್ರಿಯ ನಿದ್ದೆ, ಕಿವಿ, ಕಣ್ಣು, ರಕ್ತದಲ್ಲಿ ಕಬ್ಬಿಣದ ಅಂಶ ನೋಡಿಸಿ. ಓದಲು ಬಾರದ್ದಕ್ಕೆ ಎದ್ದು ಓಡುತ್ತಿದ್ದಾನೆಯೇ ಎಂದು ವಿಚಾರಿಸಿ. ಮನೆಯಲ್ಲಿ ಕುಡಿತ, ಹೊಡೆತ, ಜಗಳವಿದ್ದರೆ ವೈದ್ಯರ ಹತ್ತಿರ ಮುಚ್ಚಿಡಬೇಡಿ. ಹೆದರಿದ ಮಗುವಿನ ಗಮನವೂ ನಿಲ್ಲುವುದಿಲ್ಲ. ಶಾಲೆಯಲ್ಲಿ ಮಾತ್ರ ಹೀಗೆ, ಮನೆಯಲ್ಲಿ ಸರಿ ಎಂದಾದರೆ ಶಾಲೆಯನ್ನು ನೋಡಬೇಕು. ಎರಡೂ ಕಡೆ ಹೀಗೇ ಇದ್ದರೆ ನಿಮ್ಹಾನ್ಸ್‌ನಂಥ ಕಡೆ ಮಕ್ಕಳ ಮನೋವೈದ್ಯ ವಿಭಾಗವಿದೆ, ತೋರಿಸಿ. ಶುರು ಮಾಡಿದರೆ ಪ್ರತಿ ಮೂರು ತಿಂಗಳಿಗೆ ಎತ್ತರ ತೂಕ ಬರೆದಿಡಿ, ವರ್ಷಕ್ಕೊಮ್ಮೆ ‘ಇನ್ನೂ ಬೇಕೇ?’ ಎಂದು ವೈದ್ಯರನ್ನು ಕೇಳಿ. ಮಗುವನ್ನೂ ಕೇಳಿ. ಹತ್ತು ವರ್ಷದ ಹುಡುಗನೊಬ್ಬ ನನಗೆ ಹೇಳಿದ್ದ, ‘ಮಾತ್ರೆ ತಗೊಂಡ ದಿನ ಮಿಸ್‌ಗೆ ನಾನು ಇಷ್ಟ, ಆದರೆ ಜೋಕ್ ಮಾಡೋಕೆ ನನಗೆ ಬರಲ್ಲ.’ ಪ್ರಮಾಣ ಕಡಿಮೆ ಮಾಡಿದೆವು. ಜೋಕು ವಾಪಸ್ ಬಂತು, ಮಿಸ್ಸಿನ ದೂರೂ ಅರ್ಧ ವಾಪಸ್ ಬಂತು.

ಪ್ರಶ್ನೋತ್ತರದಲ್ಲಿ ಬಂದ ಒಂದನ್ನು ಮಾತ್ರ ಇಲ್ಲಿ ಬರೆಯುತ್ತೇನೆ. ಮೂರನೇ ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಎದ್ದರು.

‘ನಮ್ಮ ಮೊಮ್ಮಗ ಅಮೆರಿಕದಲ್ಲಿದಾನೆ. ಮಗಳು ದಿನಾ ಇದೇ ಮಾತ್ರೆ ಕೊಡ್ತಾಳೆ. ರಜಕ್ಕೆ ಇಲ್ಲಿಗೆ ಬಂದಾಗ ನಾನು ಕೊಡಲಿಲ್ಲಮ್ಮ. ಅಕ್ಕಿ ಡಬ್ಬೀಲಿ ಬಚ್ಚಿಟ್ಟುಬಿಟ್ಟೆ. ತಪ್ಪಾಯ್ತಾ?’

ಬಚ್ಚಿಟ್ಟದ್ದು ತಪ್ಪು ಎಂದೆ. ಬಿಡುವು ಕೊಡುವುದು ತಪ್ಪಲ್ಲ, ಶಾಲೆಯಿಲ್ಲದ ದಿನಗಳಲ್ಲಿ ವೈದ್ಯರೇ ಹಾಗೆ ಮಾಡಿಸುವುದುಂಟು, ಆದರೆ ಅವರಿಗೂ ತಾಯಿಗೂ ತಿಳಿದಿರಬೇಕು. ರಜೆಯಲ್ಲಿ ಹುಡುಗ ಹೇಗಿದ್ದ ಎಂದು ಕೇಳಿದೆ.

‘ಹೇಗಿದ್ದ ಅಂದ್ರೆ, ಮನೆ ಹೆಂಚು ಹಾರಿಸಿಬಿಟ್ಟ. ಎರಡು ಲೋಟ, ಒಂದು ಟೀವಿ ರಿಮೋಟು ಹೋಯ್ತು. ಆದ್ರೆ ಮೂರು ಹೊತ್ತೂ ಕೇಳಿ ಕೇಳಿ ಉಂಡ. ಹೊರಡೋ ದಿನ ಸೂಟ್‌ಕೇಸ್ ತೂಗೋ ಯಂತ್ರದ ಮೇಲೆ ನಿಲ್ಲಿಸಿದ್ವಿ. ಒಂದೂವರೆ ಕೆಜಿ ಜಾಸ್ತಿ ಆಗಿದ್ದ.’

‘ಅದನ್ನ ಮಗಳಿಗೆ ಹೇಳಿದ್ರಾ?’

‘ಹೇಳಿದ್ರೆ ಮಾತ್ರೆ ವಿಷಯ ಹೊರಗೆ ಬರತ್ತಲ್ಲಮ್ಮ,’ ಎಂದು ಅಜ್ಜಿ ಕೂತುಕೊಂಡರು.